ಯಾರೂ ಬಡಿಸದ ಊಟ

ನಮ್ಮ ಮನೆಯ ದೊಡ್ಡ ಕೋಣೆ ನಮ್ಮದಾಗಿರಲಿಲ್ಲ, ಹುಳದ್ದಾಗಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆ ಸಾಕುವ ಮನೆಗಳೆಲ್ಲ ಹೀಗೇ ಇದ್ದವು. ಗಾಳಿ ಚೆನ್ನಾಗಿ ಆಡುವ ಕೋಣೆಯಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಏರಿ ನಿಂತಿರುತ್ತಿದ್ದವು; ಉಳಿದ ಜಾಗದಲ್ಲಿ ನಾವು ಮೈ ಮಡಚಿಕೊಂಡು ಮಲಗುತ್ತಿದ್ದೆವು. ಹುಳದ ಕೋಣೆಗೆ ಅಪ್ಪನ ತಾಯಿಯೇ ಯಜಮಾನಿ. ಅಪ್ಪನಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಬಾಗಿಲಲ್ಲಿ ಇಳಿಸುವಷ್ಟೇ ಸಂಬಂಧ. ಒಳಗೆ ಅಜ್ಜಿ ಹೇಳಿದ್ದೇ ಕಾನೂನು. ಹುಳ ಮನೆಯಲ್ಲಿರುವಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ, ಬೀಡಿ ಹಚ್ಚುವಂತಿಲ್ಲ, ಹೊರಗಿನವರು ಹೊಸಿಲು ದಾಟುವಂತಿಲ್ಲ. ಘಾಟು ತಾಕಿದರೆ ಹುಳ ಸೊಪ್ಪು ಬಿಡುತ್ತದೆ, ದೃಷ್ಟಿ ತಾಕಿದರೆ ಗೂಡು ಕಟ್ಟದೆ ಸಾಯುತ್ತದೆ. ವರ್ಷಕ್ಕೆ ಐದಾರು ಬೆಳೆ ಎಂದರೆ ವರ್ಷದ ಬಹುಪಾಲು ನಾವು ಒಗ್ಗರಣೆಯಿಲ್ಲದ ಸಾರು ಉಂಡವರು. ನನ್ನ ನಾಲಿಗೆ ಇವತ್ತಿಗೂ ಸಾಸಿವೆ ಸಿಡಿದ ಸದ್ದು ಕೇಳಿದರೆ ಎಲ್ಲೋ ಹಬ್ಬವಿದೆ ಎಂದುಕೊಳ್ಳುತ್ತದೆ.

ಆ ಮನೆಯಲ್ಲಿ ಅಮ್ಮ ಉಣ್ಣುವುದನ್ನು ನಾನು ನೋಡಿದ ನೆನಪಿಲ್ಲ. ಉಂಡೇ ಇರುತ್ತಾಳೆ. ಎಲ್ಲರದೂ ಮುಗಿದ ಮೇಲೆ ತಣ್ಣಗಾದ ಮುದ್ದೆಯನ್ನು ಒಲೆಯ ಕಡೆ ಮುಖ ಮಾಡಿಕೊಂಡು ನುಂಗಿ, ಕೈ ತೊಳೆದು, ಮತ್ತೆ ಸೊಪ್ಪು ಹೆಚ್ಚಲು ಕೂರುತ್ತಿದ್ದಳು ಎಂದು ಊಹಿಸಬಲ್ಲೆ. ಊಹೆಗೂ ನೆನಪಿಗೂ ಈಗ ನನ್ನಲ್ಲಿ ಹೆಚ್ಚು ವ್ಯತ್ಯಾಸ ಉಳಿದಿಲ್ಲ. ಆದರೆ ಒಂದು ಸಂಜೆಯ ಬಗ್ಗೆ ಮಾತ್ರ ನಾನು ಕಣ್ಣಾರೆ ಕಂಡದ್ದು ಇದು ಎಂದು ಹಟ ಹಿಡಿದು ಬಂದಿದ್ದೇನೆ. ಆ ಹಟವೂ ದಣಿಯುತ್ತಿದೆ. ದಣಿಯುವ ಮೊದಲು ಬರೆದಿಡುತ್ತೇನೆ.

ಅವರೆಕಾಯಿ ಕಾಲ ಅದು. ಮಧ್ಯಾಹ್ನದ ಹೊತ್ತು ನಮ್ಮ ಜಗಲಿಯ ಮೇಲೆ ನಾಲ್ಕು ಮನೆಯ ಹೆಂಗಸರು ಕೂತು ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದರು. ಬೆರಳುಗಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಟಕ್ಕನೆ ಹಾರಿ ಪಾತ್ರೆಗೆ ಬೀಳಬೇಕು. ಒಬ್ಬೊಬ್ಬರದೂ ಒಂದೊಂದು ಪಾತ್ರೆ. ಹಸಿ ಕಾಳಿಗೆ ಮೈಲಿಗೆಯಿಲ್ಲವಾದ್ದರಿಂದ ಒಟ್ಟಿಗೆ ಕೂರಬಹುದಾಗಿತ್ತು. ಬೇಯಿಸಿದ ಮೇಲೆ ಯಾರ ಮನೆಯದು ಯಾರೂ ಮುಟ್ಟುವಂತಿಲ್ಲ. ಎದುರು ಮನೆಯ ಶಾರದಮ್ಮ ಬ್ರಾಹ್ಮಣರು, ಶಾಲೆಯ ಮೇಷ್ಟ್ರ ಹೆಂಡತಿ. ಪಕ್ಕದ ಸುಬ್ಬಮ್ಮ ಚಿಂತಾಮಣಿ ಕಡೆಯವಳು, ತೆಲುಗು ಮನೆಮಾತು. ಹಿತ್ತಲ ಗೋಡೆಯಾಚೆಯ ಜೈನಬಿಯ ಮನೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಚರಕಗಳಿದ್ದವು; ಅವಳ ಬೆರಳ ತುದಿಗಳು ಬಿಸಿನೀರಿನಲ್ಲಿ ನೆಂದು ಸದಾ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ನಾಲ್ಕನೆಯವಳು ನಮ್ಮಮ್ಮ, ನಾರಾಯಣಮ್ಮ. ವರ್ಷಗಟ್ಟಲೆ ಅಕ್ಕಪಕ್ಕ ಅಡುಗೆ ಮಾಡಿದ ಈ ನಾಲ್ವರಿಗೆ ಒಬ್ಬರ ಅಡುಗೆ ಇನ್ನೊಬ್ಬರಿಗೆ ಗೊತ್ತಿದ್ದದ್ದು ವಾಸನೆಯಿಂದ ಮಾತ್ರ.

"ನಾರಾಯಣಿ, ನಿಮ್ಮನೆ ಸಾರು ನಿನ್ನೆ ಸಪ್ಪೆ ಇತ್ತು ಕಣೇ," ಎಂದಳು ಸುಬ್ಬಮ್ಮ.

"ಉಪ್ಪಿನ ವಾಸನೆ ಗೋಡೆ ದಾಟಿ ಬಂತೇನೇ ನಿಂಗೆ?"

"ಬರ್ಲಿಲ್ಲ. ಅದಕ್ಕೇ ಸಪ್ಪೆ ಅಂದಿದ್ದು."

ಜೈನಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಶಾರದಮ್ಮ ನಗಲಿಲ್ಲ. ಮೇಷ್ಟ್ರಿಗೆ ಗೌರಿಬಿದನೂರಿಗೆ ವರ್ಗವಾಗಿದೆ, ಈ ತಿಂಗಳ ಕೊನೆಯ ಸೋಮವಾರ ಹೊರಡುವುದು ಎಂದು ಅವರು ಹೇಳಿದ್ದು ಆಗಲೇ. ಆಮೇಲೆ ಅಮ್ಮ ತಲೆಯೆತ್ತದೆ, ಯಾರನ್ನೋ ಬೈಯುವವಳ ಹಾಗೆ ಹೇಳಿದಳು:

"ಇಷ್ಟು ವರ್ಷ ಆಯ್ತು. ಒಂದಿನ ಕೂತು ಒಟ್ಟಿಗೆ ಬಿಸಿಬಿಸಿ ಏನೂ ತಿನ್ನಲಿಲ್ಲ ನಾವು."

ಹುಟ್ಟಿದ ಹಬ್ಬದ ಮಾತು ಎತ್ತಿದ್ದು ಶಾರದಮ್ಮ. ಅವರ ತವರಿನಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿದ ದಿನ ಎಣ್ಣೆನೀರು ಹಾಕಿ ಪಾಯಸ ಮಾಡುತ್ತಿದ್ದರಂತೆ. ನಿಮ್ಮದು ಯಾವತ್ತು ಎಂದು ಕೇಳಿದರು. ಅಮ್ಮನಿಗೆ ತಿಥಿ ನಕ್ಷತ್ರ ಏನೂ ಗೊತ್ತಿರಲಿಲ್ಲ. ಅವರೆಕಾಯಿ ಕಾಲದಲ್ಲಿ, ಹುಳ ಚಂದ್ರಿಕೆ ಏರಿದ ಮಾರನೆಯ ದಿನ ಹುಟ್ಟಿದವಳು ಎಂದು ಅವಳ ತಾಯಿ ಹೇಳುತ್ತಿದ್ದಳಂತೆ, ಅಷ್ಟೇ. ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಬಿಡುವ ಬಿದಿರಿನ ಸುರುಳಿ ಚಾಪೆಗೆ ನಮ್ಮಲ್ಲಿ ಚಂದ್ರಿಕೆ ಎನ್ನುತ್ತಾರೆ. ಹುಳ ಅದನ್ನೇರಿದ ಮೇಲೆ ಸೊಪ್ಪು ಹಾಕುವ ಕೆಲಸ ಇರುವುದಿಲ್ಲ.

"ನಿಮ್ಮಮ್ಮ ಜಾಣೆ," ಎಂದಳು ಸುಬ್ಬಮ್ಮ. "ಕೆಲಸ ಎಲ್ಲ ಮುಗಿಸ್ಕೊಂಡು, ಪುರುಸೊತ್ತು ಮಾಡ್ಕೊಂಡು ಹೆತ್ತವಳೆ."

ಹಾಗಾಗಿ ಅಮ್ಮನ ಹುಟ್ಟಿದ ಹಬ್ಬ ನಿಶ್ಚಯವಾಯಿತು: ಈ ಬೆಳೆಯ ಹುಳ ಏರಿದ ಮಾರನೆಯ ದಿನ. ಅಜ್ಜಿಯ ಲೆಕ್ಕದಲ್ಲಿ ಹುಳ ಶನಿವಾರ ಏರಬೇಕಿತ್ತು. ಹಬ್ಬ ಭಾನುವಾರ. ಶಾರದಮ್ಮ ಸೋಮವಾರ ಬೆಳಿಗ್ಗೆಯ ಬಸ್ಸಿಗೆ. ಉಣ್ಣುವುದೇನು ಎಂಬ ಪ್ರಶ್ನೆಗೆ ಅವರು ಸುಮಾರು ಹೊತ್ತು ಯೋಚಿಸಿ ಒಂದು ದಾರಿ ತೆಗೆದರು.

"ಸುಟ್ಟಿದ್ದು ತಿನ್ನಬಹುದು. ಸಿಪ್ಪೆ ಸಮೇತ ಕೆಂಡದಲ್ಲಿ ಹಾಕಿ, ನೀರು ಸೋಕಿಸ್ದೆ, ಉಪ್ಪು ಸೋಕಿಸ್ದೆ ಸುಟ್ರೆ ಅದು ಮುಸುರೆ ಆಗಲ್ಲ ಅಂತ ನಮ್ಮತ್ತೆ ಹೇಳ್ತಿದ್ರು. ಬೆಂಕಿ ಮಾಡಿದ ಅಡುಗೆ, ಯಾರೂ ಮಾಡಿದ್ದಲ್ಲ. ಅವರವರ ಉಪ್ಪು ಅವರವರು ತಂದ್ರಾಯ್ತು."

"ಕೆಂಡ ನಮ್ಮ ಚರಕದ ಒಲೇದು ಆಗ್ತದಾ, ಅಮ್ಮಾ?" ಎಂದು ಜೈನಬಿ ಕೇಳಿದಳು. "ಹುಣಸೆ ಕಟ್ಟಿಗೆ. ಒಳ್ಳೆ ಕೆಂಡ ಬೀಳ್ತದೆ."

ಶಾರದಮ್ಮ ಮತ್ತೆ ಯೋಚಿಸಿದರು. ಅತ್ತೆ ಇದರ ಬಗ್ಗೆ ಏನೂ ಹೇಳಿರಲಿಲ್ಲ ಎಂದು ಕಾಣುತ್ತದೆ.

"ಬಾಯಲ್ಲಿ ಊದಬಾರದು," ಎಂದರು ಕೊನೆಗೆ. "ಮೊರದಲ್ಲಿ ಬೀಸಣ."

ಗೆಣಸು, ಬದನೆಕಾಯಿ, ಸಿಪ್ಪೆಯಿರುವ ಮುಸುಕಿನ ಜೋಳ, ಒಂದು ಮೊರ ಅವರೆಕಾಯಿ. ರುಬ್ಬುವುದಿಲ್ಲ, ಕರಿಯುವುದಿಲ್ಲ, ಒಗ್ಗರಣೆಯಿಲ್ಲ. ಯಾರ ಮನೆಯೊಳಗೂ ಬೇಡ, ನಮ್ಮ ಹಿಪ್ಪುನೇರಳೆ ತೋಟದ ಬಾವಿಯ ಹತ್ತಿರ. ಅಮ್ಮ ಒಂದೇ ಒಂದು ಕರಾರು ಹಾಕಿದಳು.

"ಯಾರೂ ಯಾರಿಗೂ ಬಡಿಸಬಾರದು. ನಾನಂತೂ ಏಳಲ್ಲ. ಕೂತಿದ್ದ ಕಡೆಯಿಂದ ಕೈ ಹಾಕಿ ತಗೊಂಡು ತಿಂತೀನಿ."

ಅಜ್ಜಿಗೆ ವಿಷಯ ಗೊತ್ತಾದಾಗ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು.

"ಹುಟ್ಟಿದ ಹಬ್ಬವಂತೆ! ರಾಮ ಹುಟ್ಟಿದ್ದು ಗೊತ್ತು, ಕೃಷ್ಣ ಹುಟ್ಟಿದ್ದು ಗೊತ್ತು. ನೀನು ಹುಟ್ಟಿದ್ದಕ್ಕೆ ಏನೇ ಹಂಚಬೇಕು, ಪಾನಕವೋ ಕೋಸಂಬರಿಯೋ?"

"ಸುಟ್ಟ ಗೆಣಸು ಅತ್ತೆ," ಎಂದಳು ಅಮ್ಮ.

ಅಜ್ಜಿಗೆ ಎದುರಾಡಿ ಅವಳು ಅಷ್ಟು ಮಾತು ಆಡಿದ್ದು ನನಗೆ ಬೇರೆ ನೆನಪಿಲ್ಲ. ಹೊಗೆ ತೋಟದ ಕಡೆಗೇ ಹೋಗಬೇಕು, ಹುಳ ಏರುವವರೆಗೆ ಬೆಂಕಿಯ ಮಾತೇ ಇಲ್ಲ ಎಂದು ಅಜ್ಜಿ ಗೊಣಗಿ ಒಪ್ಪಿಕೊಂಡಳು. ಅಪ್ಪ ಕೇಳಿಸಿಕೊಂಡೂ ಕೇಳಿಸಿಕೊಳ್ಳದವನ ಹಾಗೆ ಹೊರಗೆ ಹೋದ.

ಆದರೆ ಆ ವಾರ ಚಳಿ ಬಿತ್ತು. ಚಳಿಗೆ ಹುಳ ನಿಧಾನವಾಗುತ್ತದೆ. ಶುಕ್ರವಾರ ಹಣ್ಣಾಗುವ ಬಣ್ಣ ಬರಬೇಕಿದ್ದ ಹುಳ ಇನ್ನೂ ಸುಣ್ಣದ ಹಾಗೆ ಬೆಳ್ಳಗೆ, ತಲೆ ತಗ್ಗಿಸಿ ಸೊಪ್ಪು ತಿನ್ನುತ್ತಲೇ ಇತ್ತು. ಕಡೆಯ ದಿನಗಳ ಹಸಿವು ಅದಕ್ಕೆ. ಎಷ್ಟು ಹಾಕಿದರೂ ತಟ್ಟೆಯಲ್ಲಿ ಬರೀ ನಾರು ಉಳಿಯುತ್ತಿತ್ತು. ಅಮ್ಮ ರಾತ್ರಿಯೂ ಎದ್ದೆದ್ದು ಸೊಪ್ಪು ಹಾಕುತ್ತಿದ್ದಳು. ಹಗಲು ಕೂತಲ್ಲೇ ತೂಕಡಿಸಿ, ಕತ್ತು ಜೋಲಿದಾಗ ಬೆಚ್ಚಿ ಎಚ್ಚರಗೊಂಡು, ಎಲ್ಲಿಗೆ ಬಂದೆ ಎನ್ನುವ ಹಾಗೆ ಸುತ್ತ ನೋಡುತ್ತಿದ್ದಳು. ಶನಿವಾರ ಬೆಳಿಗ್ಗೆ ತಟ್ಟೆಗಳ ನಡುವೆ ನಿಂತು ಒಂದೊಂದೇ ಹುಳ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಹಣ್ಣಾದ ಹುಳ ಜೇನಿನ ಬಣ್ಣಕ್ಕೆ ತಿರುಗಿ ಪಾರದರ್ಶಕವಾಗುತ್ತದೆ. ಒಂದೂ ಆಗಿರಲಿಲ್ಲ. ಚಳಿಗಾಲದಲ್ಲಿ ಕೋಣೆ ಬೆಚ್ಚಗಿರಲೆಂದು ಹೊಗೆಯಾಡದ ಇದ್ದಿಲ ಕೆಂಡವನ್ನು ಬಾಣಲೆಯಲ್ಲಿ ಹಾಕಿ ಮೂಲೆಯಲ್ಲಿಡುವುದು ನಮ್ಮ ಮನೆಯ ಪದ್ಧತಿಯೇ. ಅದನ್ನು ಹಿಡಿತದಲ್ಲಿ ಇಡುತ್ತಿದ್ದವಳು ಅಜ್ಜಿ. ಆವತ್ತು ಅಜ್ಜಿ ಇಲ್ಲದ ಹೊತ್ತಿನಲ್ಲಿ ಅಮ್ಮ ಆ ಬಾಣಲೆಯನ್ನು ತುಂಬಿದಳು. ಇನ್ನೊಂದು ಬಾಣಲೆಯನ್ನೂ ತಂದಿಟ್ಟಳು. ಬಾಗಿಲ ಸಂದಿಗೆ ಗೋಣಿಚೀಲ ತುರುಕಿದಳು. ಹುಳವನ್ನು ಆತುರಪಡಿಸಿ ಒಂದು ದಿನ ಉಳಿಸಿಕೊಳ್ಳುವುದು ಅವಳ ಲೆಕ್ಕ.

ಹುಳ ಆತುರಪಟ್ಟಿತು. ಆದರೆ ಶನಿವಾರ ಅಲ್ಲ.

ಭಾನುವಾರ ಮಧ್ಯಾಹ್ನದವರೆಗೂ ಅದು ತಿನ್ನುತ್ತಲೇ ಇತ್ತು. ನಾಳೆಯೇ ಏರುವುದು ಎಂದು ಅಜ್ಜಿ ತೀರ್ಮಾನ ಕೊಟ್ಟಳು. ಮಾರನೆಯ ದಿನ ಹೋಗಲಿ, ಹಿಂದಿನ ದಿನವೇ ಹುಟ್ಟಿದೆ ಎಂದುಕೊಳ್ಳುತ್ತೇನೆ ಎಂದಳು ಅಮ್ಮ. ಗಾಳಿ ತೋಟದ ಕಡೆಗೇ ಇದೆ ಎಂದು ಅಜ್ಜಿ ಬೆಂಕಿಗೂ ಗೊಣಗಿ ಒಪ್ಪಿದಳು. ಸೊಪ್ಪು ಹಾಕುವ ಎರಡು ಹೊತ್ತಿನ ನಡುವೆ ಸಂಜೆ ಸ್ವಲ್ಪ ಸಮಯವಿತ್ತು. ಅಷ್ಟು ಸಾಕಿತ್ತು ಅವಳಿಗೆ. ಮುಖ ತೊಳೆದು, ತಲೆಗೆ ಕನಕಾಂಬರ ಮುಡಿದು ಬಾವಿಯ ಹತ್ತಿರ ಹೋದಾಗ ಜೈನಬಿ ಹಳೆ ಬಾಂಡಲಿಯ ತುಂಬ ಕೆಂಡ ತಂದು ಸುರಿದಿದ್ದಳು. ಸುಬ್ಬಮ್ಮ ಗೆಣಸನ್ನು ಬೂದಿಯಲ್ಲಿ ಹೂಳಿ, ಬದನೆಕಾಯಿಗಳನ್ನು ಮೇಲೆ ಸಾಲಾಗಿ ಜೋಡಿಸಿದಳು. ಶಾರದಮ್ಮ ತಮ್ಮ ಬಾಳೆಲೆ, ಕಾಗದದ ಪೊಟ್ಟಣದಲ್ಲಿ ತಮ್ಮ ಉಪ್ಪು ತಂದು, ಎಲ್ಲರಿಂದ ಒಂದು ಗೇಣು ದೂರದಲ್ಲಿ ಮಣೆ ಹಾಕಿಕೊಂಡು ಕೂತು, ಮೊರದಲ್ಲಿ ಬೀಸತೊಡಗಿದರು. ಬದನೆಕಾಯಿಯ ಸಿಪ್ಪೆ ಸಿಡಿದು ಒಳಗಿನ ನೀರು ಕೆಂಡದ ಮೇಲೆ ಚುಯ್ ಎಂದಿತು. ಅಮ್ಮ ಹುಣಸೆ ಮರಕ್ಕೆ ಬೆನ್ನು ಕೊಟ್ಟು ಕಾಲು ಚಾಚಿದಳು. ಅವಳ ಪಾದದ ಅಡಿ ಅಷ್ಟು ಒಡೆದಿದೆ ಎಂದು ನನಗೆ ಗೊತ್ತಾದದ್ದು ಆಗ. ಅವಳು ಕಾಲು ಚಾಚಿ ಕೂತದ್ದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ.

"ನಾರಾಯಣೀ! ಹಣ್ಣಾಗಿಬಿಟ್ಟಿವೆ ಕಣೇ! ಎಲ್ಲಾ ಒಂದೇ ಸಲ!"

ಅಜ್ಜಿಯ ದನಿ. ಹುಳ ಹಣ್ಣಾದರೆ ಕಾಯುವುದಿಲ್ಲ. ಚಂದ್ರಿಕೆಗೆ ಬಿಡದಿದ್ದರೆ ಕಸದಲ್ಲೇ ಬಾಯಿಂದ ನೂಲು ಬಿಟ್ಟು ಹಾಳಾಗುತ್ತದೆ. ಸಾಮಾನ್ಯವಾಗಿ ಒಂದಷ್ಟು ಇವತ್ತು, ಒಂದಷ್ಟು ನಾಳೆ ಎಂದು ಸಾವಕಾಶವಾಗಿ ಹಣ್ಣಾಗುತ್ತವೆ. ಆ ಅತಿ ಬಿಸಿಗೆ ಎಲ್ಲ ತಟ್ಟೆಗಳೂ ಒಟ್ಟಿಗೇ ತಿರುಗಿದ್ದವು. ಅಮ್ಮ ಎದ್ದಳು. ಎದ್ದ ರೀತಿಯಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಕಾಲು ಮಡಚಿದಳು, ಎದ್ದಳು, ಹೋದಳು. ನಾನೂ ಹಿಂದೆಯೇ ಓಡಿದೆ.

ಕೋಣೆಯೊಳಗೆ ಹುಳಗಳೆಲ್ಲ ತಲೆ ಎತ್ತಿ, ಏನನ್ನೋ ಹುಡುಕುವ ಹಾಗೆ ಗಾಳಿಯಲ್ಲಿ ಆಡಿಸುತ್ತಿದ್ದವು. ಅಜ್ಜಿ, ಅಮ್ಮ, ನಾನು, ಸೊಪ್ಪಿನ ಹೊರೆ ಬಿಸಾಕಿ ಓಡಿಬಂದ ಅಪ್ಪ. ಎಷ್ಟು ಆರಿಸಿದರೂ ತಟ್ಟೆ ಬರಿದಾಗಲಿಲ್ಲ. ಹೊಸಿಲಿನ ಆಚೆ ಸುಬ್ಬಮ್ಮ, ಜೈನಬಿ, ಅವರ ಹಿಂದೆ ಮೊರ ಹಿಡಿದುಕೊಂಡೇ ಬಂದಿದ್ದ ಶಾರದಮ್ಮ ನಿಂತಿದ್ದರು. ಹೊರಗಿನವರ ನೆರಳು ಬೀಳಬಾರದ ಹೊಸಿಲು. ಅಜ್ಜಿ ಮೂವರನ್ನೂ ನೋಡಿದಳು.

"ನಿಂತ್ಕಂಡು ಏನ್ ನೋಡ್ತೀರ್ರೇ? ಕೈ ಇಲ್ವಾ ನಿಮಗೆ?"

ಸುಬ್ಬಮ್ಮ "ಅಯ್ಯೋ ನಾ ತಲ್ಲಿ" ಎನ್ನುತ್ತ ನುಗ್ಗಿದಳು. ಜೈನಬಿ ಚಪ್ಪಲಿ ಬಿಟ್ಟು, ತಲೆಯ ಸೆರಗನ್ನು ಬಿಗಿಮಾಡಿಕೊಂಡು ಬಂದಳು. ಜೀವವಿರುವ ಹುಳವನ್ನು ಅವಳು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವಳ ಪಾಲಿಗೆ ಬರುವ ಹೊತ್ತಿಗೆ ಅದು ಗೂಡಾಗಿರುತ್ತಿತ್ತು. ಶಾರದಮ್ಮ ತಡವಾಗಿ ಬಂದರು. ಬೇಯಿಸಿ ಕೊಲ್ಲುವ ಜೀವಕ್ಕೆ ಕೈ ಹಚ್ಚುವುದು ಪಾಪ ಎಂದು ನಂಬಿದವರು ಅವರು. ಮೊರವನ್ನು ಗೋಡೆಗೆ ಒರಗಿಸಿ, ಒಂದು ಹುಳವನ್ನು ಬೆರಳ ತುದಿಯಲ್ಲಿ ಎತ್ತಿದರು.

"ತಣ್ಣಗಿದೆ ರೀ," ಎಂದರು. "ಇಷ್ಟು ತಣ್ಣಗಿರುತ್ತೆ ಅಂತ ಗೊತ್ತಿರ್ಲಿಲ್ಲ."

"ಗಟ್ಟಿಯಾಗಿ ಹಿಡೀಬೇಡಿ ಅಮ್ನೋರೇ. ಮೊಗ್ಗು ಬಿಡಿಸಿದಂಗೆ," ಎಂದಳು ಅಮ್ಮ.

"ಈ ಕೋಣೇಲಿ ಕೆಂಡ ಜಾಸ್ತಿ ಮಾಡಿದ್ದು ಯಾರು?" ಎಂದು ಅಜ್ಜಿ ಯಾರನ್ನೂ ನೋಡದೆ ಕೇಳಿದಳು. ಅಜ್ಜಿ ಎರಡನೆಯ ಬಾಣಲೆಯನ್ನು ಕಾಲಿನಿಂದ ಮೆಲ್ಲಗೆ ಹೊರಗೆ ತಳ್ಳಿ ಮತ್ತೆ ಆರಿಸಲು ಬಗ್ಗಿದಳು. ಆ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕಡೆಯ ಚಂದ್ರಿಕೆ ತುಂಬಿತು. ಬಾವಿಯ ಹತ್ತಿರ ಕೆಂಡ ಬೂದಿಯಾಗಿತ್ತು. ಜೋಳ ಇದ್ದಿಲಾಗಿತ್ತು, ಅವರೆಕಾಯಿ ಕಾಣಲೇ ಇಲ್ಲ. ಬದನೆಕಾಯಿಗಳು ಕುಸಿದು ಚಪ್ಪಟೆಯಾಗಿ, ಕಪ್ಪು ಚೀಲಗಳಾಗಿದ್ದವು, ಒಳಗೆ ಒಂದಿಷ್ಟು ತಿರುಳು ಉಳಿದಿತ್ತು. ಬೂದಿಯೊಳಗಿನ ಗೆಣಸು ಉಳಿದುಕೊಂಡಿತ್ತು. ಮೇಲಿನದು ಕಪ್ಪು ತೊಗಟೆ, ಸುಲಿದರೆ ಒಳಗೆ ಹಳದಿಯಾಗಿ ಇನ್ನೂ ಬೆಚ್ಚಗೆ. ಅಮ್ಮ ಮರಕ್ಕೆ ಒರಗಿ ಕಾಲು ಚಾಚಿದಳು. ಯಾರೂ ಬಡಿಸಲಿಲ್ಲ. ತಾನೇ ಕೈ ಹಾಕಿ ಒಂದು ಗೆಣಸು ತೆಗೆದುಕೊಂಡು ಸುಲಿಯತೊಡಗಿದಳು. ಅರ್ಧ ಸುಲಿದಳು. ಅಲ್ಲಿಗೆ ಅವಳ ಕೈ ನಿಂತಿತು. ನಾನು ಅವಳ ಎದುರಿಗೇ ಇದ್ದೆ. ಗೆಣಸು ಮಡಿಲಿಗೆ ಜಾರಿತು, ತಲೆ ಒಂದು ಕಡೆ ವಾಲಿತು, ಕನಕಾಂಬರ ಕೆನ್ನೆಯ ಮೇಲೆ ಬಂತು. ಬಾಯಿ ಸ್ವಲ್ಪ ತೆರೆದಿತ್ತು. ಒಂದು ತುತ್ತೂ ಒಳಗೆ ಹೋಗಿರಲಿಲ್ಲ.

ಸುಬ್ಬಮ್ಮ ಎಬ್ಬಿಸಲು ಕೈ ಚಾಚಿದಳು. ಲಾಟೀನು ಹಿಡಿದು ಬಂದ ಅಜ್ಜಿ ತಡೆದಳು.

"ಬಿಡೇ. ಮಲಗಲಿ."

ಅವರು ಪಿಸುಮಾತಾಡಿಕೊಂಡು ಉಂಡರು. ಶಾರದಮ್ಮನವರ ಉಪ್ಪಿನ ಪೊಟ್ಟಣ ಗಡಿಬಿಡಿಯಲ್ಲಿ ಎಲ್ಲೋ ಬಿದ್ದು ಹೋಗಿತ್ತು. ಜೈನಬಿ ತನ್ನ ಪೊಟ್ಟಣವನ್ನು ಬಿಚ್ಚಿ ನೆಲದ ಮೇಲೆ ಅವರ ಕಡೆಗೆ ಸರಿಸಿದಳು. ಶಾರದಮ್ಮ ಅದರಿಂದ ಒಂದು ಚಿಟಿಕೆ ತೆಗೆದುಕೊಂಡರು ಎಂದು ಬರೆಯಲು ನನಗೆ ಇಷ್ಟ. ತೆಗೆದುಕೊಳ್ಳಲಿಲ್ಲ. ಪೊಟ್ಟಣವನ್ನು ನೋಡಿದರು, ಜೈನಬಿಯನ್ನು ನೋಡಿದರು, ಸಪ್ಪೆ ಬದನೆಕಾಯಿಯನ್ನೇ ಸುಲಿದು ತಿಂದರು. ಇನ್ನೊಂದನ್ನೂ ತಿಂದರು. ಹೊರಡುವಾಗ ಅಮ್ಮನ ಕಾಲ ಹತ್ತಿರ ನಿಂತರು. ಎಬ್ಬಿಸಬೇಡಿ ಎಂದು ಅಜ್ಜಿಗೆ ಹೇಳಿ ಹೋದರು. ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಎದುರು ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು.

ಅಮ್ಮ ಎಂದಿಲ್ಲದಷ್ಟು ತಡವಾಗಿ ಎದ್ದಳು. ರಾತ್ರಿ ಅಪ್ಪ ಎತ್ತಿಕೊಂಡು ಬಂದು ಮಲಗಿಸಿದ್ದ. ಎದ್ದವಳು ಹಾಸಿಗೆಯ ಮೇಲೆ ಕೂತು ಗೋಡೆ ನೋಡಿದಳು.

"ಎಲ್ರೂ ಉಂಡ್ರಾ ಅತ್ತೆ?"

"ಉಂಡ್ರು."

"ನಾನು?"

ಅಜ್ಜಿ ಬಾಗಿಲಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಮಾತಿನಲ್ಲಿ ಒಂದು ಕಾಳು ಸಕ್ಕರೆಯೂ ಇಲ್ಲದ ಹೆಂಗಸು ಅವಳು. ಅಮ್ಮನಿಗೆ ಅವಳಿಂದ ಒಳ್ಳೆಯ ಮಾತು ಕೇಳಿ ಅಭ್ಯಾಸವಿರಲಿಲ್ಲ. ಸುಣ್ಣವನ್ನು ಎಲೆಗೆ ಸವರುತ್ತ, ತೀರಾ ಬೇಸರದ ದನಿಯಲ್ಲಿ, ಅಜ್ಜಿ ಹೇಳಿದಳು:

"ನೀನೂ ಉಂಡೆ. ಎರಡು ಗೆಣಸು ತಿಂದೆ. ಬದನೇಕಾಯಿ ಬಾಯಿಗಿಟ್ಕಂಡು, ಉಪ್ಪು ಸಾಲದು ಅಂದೆ. ಎಲ್ರೂ ನಕ್ರು. ಮರೆತುಬಿಟ್ಯೇನೇ? ಆಮೇಲೆ ತಾನೆ ನಿದ್ದೆ ಹೋಗಿದ್ದು ನೀನು."

ಅಮ್ಮ ತನ್ನ ಅಂಗೈ ನೋಡಿಕೊಂಡಳು. ಬೆರಳುಗಳಿಗೆ ಸುಟ್ಟ ಸಿಪ್ಪೆಯ ಮಸಿ ಹತ್ತಿತ್ತು. ಅಜ್ಜಿ ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟಕ್ಕೆ ಅರ್ಥ ಹೇಳುವ ಅಗತ್ಯವಿರಲಿಲ್ಲ. ನಾನು ಹೊರಗೆ ಹೋದೆ.

ಆಮೇಲಿನ ವರ್ಷಗಳಲ್ಲಿ ಅಮ್ಮ ಆ ಊಟದ ಕತೆಯನ್ನು ಎಷ್ಟೋ ಸಲ ಹೇಳಿದ್ದಾಳೆ. ನನ್ನ ಮದುವೆಯಲ್ಲಿ ಬೀಗರಿಗೆ ಹೇಳಿದಳು, ನನ್ನ ಮಕ್ಕಳಿಗೆ ಹೇಳಿದಳು. ಅವಳ ಕತೆಯಲ್ಲಿ ಗೆಣಸು ಬಿಸಿಯಾಗಿತ್ತು, ಬದನೆಕಾಯಿ ಬೆಣ್ಣೆಯಂತಿತ್ತು, ಉಪ್ಪು ಸಾಲದು ಎಂದು ತಾನು ಅಂದಾಗ ಶಾರದಮ್ಮ ಜೈನಬಿಯ ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು ತಾವೂ ಹಾಕಿಕೊಂಡು ತನಗೂ ಕೊಟ್ಟರು. ಇದನ್ನು ಅಜ್ಜಿ ಹೇಳಿರಲಿಲ್ಲ. ಅಮ್ಮನಿಗೆ ಅದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಹೇಳುವಾಗ ಅವಳು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಚಪ್ಪರಿಸುತ್ತಿದ್ದಳು. ಸುಳ್ಳಿನ ರುಚಿಗೆ ಹಾಗೆ ಚಪ್ಪರಿಸಲು ಯಾರಿಗೂ ಬರುವುದಿಲ್ಲ. ನಾನು ಎದುರಿಗೆ ಕೂತಿದ್ದದ್ದು ನಿಜವೇ? ಲಾಟೀನು ಬಂದದ್ದು ಅವಳು ನಿದ್ದೆ ಹೋಗುವ ಮೊದಲೋ ಆಮೇಲೋ? ಇತ್ತೀಚೆಗೆ ಬೆಳಿಗ್ಗೆ ಬೇಗ ಎಚ್ಚರವಾದಾಗ ಅವಳ ಬಾಯಿಯ ಅಂಚಿನಲ್ಲಿ ಒಂದು ಹಳದಿ ಎಸಳು ಗೆಣಸು ಕಂಡ ಹಾಗೂ ಆಗುತ್ತದೆ.

ಅಮ್ಮನಿಗೆ ವಯಸ್ಸಾಗಿ, ಊಟ ಬೇಡವಾಗುತ್ತ ಬಂದ ಕಾಲದಲ್ಲಿ ಒಂದು ಸಂಜೆ ನಾನೇ ಹಿತ್ತಲಲ್ಲಿ ಇದ್ದಿಲು ಹಚ್ಚಿ ಎಳೆಯ ಬದನೆಕಾಯಿ ಸುಟ್ಟು, ಸಿಪ್ಪೆ ತೆಗೆದು, ಉಪ್ಪು ಸರಿಯಾಗಿ ಹಾಕಿ ತಂದು ಕೊಟ್ಟೆ. ಒಂದು ಚೂರು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿ ಸಾಕಷ್ಟು ಹೊತ್ತು ಅಗಿದಳು.

"ಚೆನ್ನಾಗಿದೆ," ಎಂದಳು. "ಆವತ್ತಿನಷ್ಟು ಚೆನ್ನಾಗಿಲ್ಲ ಕಣೇ."

"ಹೌದಮ್ಮ," ಎಂದೆ. "ಆವತ್ತಿನದೇ ಬೇರೆ."